ಮೂಲೆ ಕತ್ತರಿಸಿದ ಹಾಳೆಗಳು

2024ರ ಮಾರ್ಚ್ 4, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಪಂಪು ತಯಾರಿಸುವ ಕಾರ್ಖಾನೆಯ ನಕ್ಷೆ ಕೋಣೆಗೆ ಮ್ಯಾನೇಜರು ತಾವಾಗಿಯೇ ನಡೆದು ಬಂದರು. ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ಅವರಾಗಲಿ ಅವರ ಹಿಂದಿದ್ದ ಮೂವರಾಗಲಿ ಆ ಹೊಸ್ತಿಲು ದಾಟಿದ್ದನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಬೇಕಾದ ನಕ್ಷೆಯನ್ನು ಫೋನಿನಲ್ಲಿ ಕೇಳುತ್ತಿದ್ದರು, ಅದು ಮೇಲಿನ ಮಹಡಿಗೆ ಹೋಗುತ್ತಿತ್ತು. ಹಾಗಾಗಿ ಅವರನ್ನು ಕಂಡೊಡನೆ ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಅವಳಿಗೆ ಮೊದಲು ಹೊಳೆದದ್ದು, ಇದು ನಕ್ಷೆಯ ಕೆಲಸವಲ್ಲ ಎಂದು.

"ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ," ಎಂದು ಅವರು ಅವಳದೇ ಕೋಣೆಯಲ್ಲಿ ಅವಳಿಗೇ ಉಪಚಾರ ಮಾಡಿದರು.

ಇಡೀ ಕಾರ್ಖಾನೆಯಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದವರು ಅವರೊಬ್ಬರೇ. ಉಳಿದವರಿಗೆಲ್ಲ ಅವಳು ನಕ್ಷೆಯಕ್ಕ. ಅವಳಿಗಿಂತ ಹದಿಮೂರು ವರ್ಷ ದೊಡ್ಡವನಾದ ಫೋರ್ಮನ್ ಕೂಡ ಹಾಗೆಯೇ ಕರೆಯುತ್ತಿದ್ದ. ವಯಸ್ಸು ನಲವತ್ತನಾಲ್ಕು, ಓದಿದ್ದು ರಸಾಯನಶಾಸ್ತ್ರದ ಬಿ.ಎಸ್ಸಿ., ಬಂದದ್ದು ಮೂರು ತಿಂಗಳ ಬದಲಿ ಕೆಲಸಕ್ಕೆ. ಆ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ಕೋಣೆಯಲ್ಲಿ ಹದಿನಾಲ್ಕು ಉಕ್ಕಿನ ಬೀರುಗಳು, ಒಂದೊಂದರಲ್ಲಿ ಹನ್ನೆರಡು ಅಗಲವಾದ ತೆಳು ಖಾನೆಗಳು. ಅವುಗಳೊಳಗೆ ಕಾರ್ಖಾನೆ ಇಲ್ಲಿಯತನಕ ಮಾಡಿದ ಪ್ರತಿ ಪಂಪಿನ ಪ್ರತಿ ಭಾಗದ ನಕ್ಷೆ. ಯಾರು ಏನು ಕೇಳಿದರೂ ಅವಳ ಕೈ ಸೀದಾ ಆ ಖಾನೆಗೇ ಹೋಗುತ್ತಿತ್ತು. "ನಿನ್ನ ಕೈಗೇ ಕಣ್ಣಿದೆ ನೋಡಕ್ಕ" ಎನ್ನುತ್ತಿದ್ದರು. ಆ ಮಾತು ಅವಳಿಗೆ ಒಳಗೊಳಗೇ ತುಂಬ ಹಿತವಾಗಿತ್ತು.

ಮ್ಯಾನೇಜರು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಕಂಪನಿ ಎಂಟರ್‌ಪ್ರೈಸ್ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬುದನ್ನು ಕೊಂಡಿತ್ತು. ನಕ್ಷೆ, ಪತ್ರ, ಕರಾರು, ಪರೀಕ್ಷಾ ವರದಿ, ಹೀಗೆ ಕಂಪನಿಯ ಸಮಸ್ತ ಕಾಗದವೂ ಇನ್ನು ಮುಂದೆ ಕಂಪ್ಯೂಟರಿನೊಳಗೆ ಒಂದೇ ಕಡೆ. ಯಾವುದು ಹೊಸದು, ಯಾವುದು ಹಳೆಯದು, ಯಾರು ತೆಗೆದು ನೋಡಿದರು, ಯಾರು ತಿದ್ದಿದರು ಎಂಬುದಕ್ಕೆಲ್ಲ ಅದೇ ಲೆಕ್ಕವಿಡುತ್ತದೆ. ನಕ್ಷೆಗಳನ್ನು ಜನವರಿಯಲ್ಲೇ ಸ್ಕ್ಯಾನ್ ಮಾಡಿಸಿ ಆಗಿತ್ತು. ಏಪ್ರಿಲ್ ಒಂದಕ್ಕೆ ಚಾಲನೆ.

"ಅದನ್ನ ನಡೆಸೋಕೆ ಕಾರ್ಖಾನೆಯಿಂದ ಒಬ್ಬರು ಕಲೀಬೇಕು. ಹನ್ನೆರಡು ವಾರ, ಡ್ಯೂಟಿ ಮುಗಿದ ಮೇಲೆ ದಿನಕ್ಕೆರಡು ಗಂಟೆ, ಕೊನೇಲಿ ಒಂದು ಪರೀಕ್ಷೆ. ಪಾಸಾದ್ರೆ ದಾಖಲೆ ಅಧಿಕಾರಿ ಅಂತ ಹೊಸ ಹುದ್ದೆ, ಎರಡು ಮೆಟ್ಟಿಲು ಮೇಲೆ. ಮೊದಲು ನಿಮ್ಮನ್ನ ಕೇಳ್ತಿದೀನಿ."

"ಬೇಡ ಅಂದ್ರೆ?"

"ಸೆಪ್ಟೆಂಬರಲ್ಲಿ ಈ ರೂಮು ಮುಚ್ತೀವಿ. ಬೀರುಗಳು ಗೋದಾಮಿಗೆ. ನಿಮಗೆ ರವಾನೆ ವಿಭಾಗದಲ್ಲಿ ಕೆಲಸ. ಸಂಬಳ ಏನೂ ಕಮ್ಮಿ ಆಗಲ್ಲ."

ರವಾನೆ ವಿಭಾಗವೆಂದರೆ ಪೆಟ್ಟಿಗೆಗಳಿಗೆ ವಿಳಾಸದ ಚೀಟಿ ಅಂಟಿಸುವ ಜಾಗ. ಅಲ್ಲಿ ಯಾರಿಗೂ ಏನೂ ಗೊತ್ತಿರಬೇಕಾಗಿಲ್ಲ.

"ಶುಕ್ರವಾರ ನಾಲ್ಕು ಗಂಟೆಯೊಳಗೆ ಹೇಳಿ. ಆಮೇಲೆ ಹೊರಗಿನವರನ್ನ ಹುಡುಕ್ತೀವಿ," ಎಂದು ಮ್ಯಾನೇಜರು ಎದ್ದರು.

ಅವರು ಆಚೆ ಹೋಗುವುದನ್ನೇ ಕಾಯುತ್ತಿದ್ದವನಂತೆ ಫೋರ್ಮನ್ ಒಳಗೆ ತೂರಿಕೊಂಡ. ಬೆರಳಿಗೆಲ್ಲ ಎಣ್ಣೆ, ಕಿವಿಯ ಹಿಂದೆ ಪೆನ್ಸಿಲು.

"ಏನಂತೆ ದೊಡ್ಡೋರ ಸವಾರಿ? ನಮ್ಮ ಕಡೆಗೆಲ್ಲಾ ಬಂದ್ಬಿಟ್ಟಿದೆ!"

ಅವಳು ಹೇಳಿದಳು. ಸಿಸ್ಟಮಿನ ಹೆಸರನ್ನೂ ಪೂರ್ತಿಯಾಗಿ ಹೇಳಿದಳು.

"ಅಬ್ಬಬ್ಬಾ! ನೀನು ಹೆಸರು ಹೇಳಿ ಮುಗಿಸೋದ್ರೊಳಗೆ ನಾನು ಎರಡು ಬೋಲ್ಟು ಬಿಗೀತಿದ್ದೆ. ಅದಿರ್ಲಿ, ನಲವತ್ತನೇ ನಂಬರ್ ಪಂಪಿನ ಮುಚ್ಚಳ ಕೊಡು."

ಅವಳು ಐದನೆಯ ಬೀರುವಿನ ಮೂರನೆಯ ಖಾನೆ ಎಳೆದು ಹಾಳೆಯೊಂದನ್ನು ಕೊಟ್ಟಳು. ಫೋರ್ಮನ್ ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಕೆಳಗಿನ ಬಲಮೂಲೆಯನ್ನೊಮ್ಮೆ ಸವರಿ, "ಹ್ಞೂಂ, ಜೀವಂತ ಇದೆ," ಎಂದು ಸುರುಳಿ ಸುತ್ತಿಕೊಂಡ.

ಅದು ಆ ಕಾರ್ಖಾನೆಯ ಪದ್ಧತಿ. ನಕ್ಷೆಯೊಂದು ತಿದ್ದುಪಡಿಯಾಗಿ ಹೊಸ ಹಾಳೆ ಬಂದ ದಿನವೇ ಹಳೆಯ ಹಾಳೆಯ ಕೆಳಗಿನ ಬಲಮೂಲೆಯನ್ನು ಹೆಬ್ಬೆರಳಿನಗಲ ಓರೆಯಾಗಿ ಕತ್ತರಿಸಿ, ಅದನ್ನು ಹೊಸದರ ಹಿಂದೆ ಇಡಬೇಕು. ಬಿಸಾಡುವಂತಿಲ್ಲ, ಇಪ್ಪತ್ತು ವರ್ಷದ ಹಿಂದೆ ಮಾರಿದ ಪಂಪಿಗೆ ಬಿಡಿಭಾಗ ಬೇಕೆಂದು ಯಾರಾದರೂ ಬರೆದರೆ ಆ ಹಳೆಯ ನಕ್ಷೆಯೇ ಗತಿ. ಮೂಲೆ ಹೋದದ್ದು ಸತ್ತ ನಕ್ಷೆ, ನಾಲ್ಕೂ ಮೂಲೆ ಇದ್ದದ್ದು ಜೀವಂತ. ಯಂತ್ರಗಳು ಓಡುವ ಕೆಲಸದ ಅಂಗಳದ ಮಬ್ಬು ಬೆಳಕಿನಲ್ಲಿ, ಎಣ್ಣೆಗೈಯಲ್ಲಿ, ಹಾಳೆಯ ಮೇಲಿನ ಸಣ್ಣ ಅಕ್ಷರದ ತಿದ್ದುಪಡಿ ಸಂಖ್ಯೆಯನ್ನು ಓದುವ ತಾಳ್ಮೆ ಯಾರಿಗಿದೆ? ಬೆರಳಿಗೆ ಮೂಲೆ ಸಿಕ್ಕರೆ ಆಯಿತು. ಅವಳಿಗಿಂತ ಮುಂಚೆ ಆ ಕೋಣೆಯಲ್ಲಿದ್ದ ಮುದುಕ ಗುಮಾಸ್ತರು ಮೊದಲ ದಿನವೇ ಕತ್ತರಿ ಕೈಗೆ ಕೊಟ್ಟು ಹೇಳಿಕೊಟ್ಟ ಪಾಠ ಅದು.

"ಸಾಮಾನ್ಯಕ್ಕೆಲ್ಲಾ ಒಪ್ಕೋಬೇಡ," ಬಾಗಿಲಲ್ಲಿ ನಿಂತು ಫೋರ್ಮನ್ ಹೇಳಿದ. "ಇಂಥಾ ಯಂತ್ರ ಎಷ್ಟು ಬಂದ್ವು, ಎಷ್ಟು ಹೋದ್ವು. ಮುಗ್ಗರಿಸಲಿ ಬಿಡು. ಆಗ ಅವರೇ ನಿನ್ನ ಬಾಗಿಲಿಗೆ ಬರ್ತಾರೆ."

ಮಂಗಳವಾರ ಸಂಜೆ ನಾದಿನಿ ಬಂದಿದ್ದಳು. ಎರಡು ಬೀದಿಯಾಚೆ ಅವಳ ಮನೆ. ವಿಮಾ ಕಚೇರಿಯಲ್ಲಿ ಕೆಲಸ. ಅಡುಗೆಮನೆಯ ಕಟ್ಟೆಯ ಮೇಲೆ ಕಾಲಾಡಿಸಿಕೊಂಡು ಕೂರುವುದು ಅಭ್ಯಾಸ. ವಿಷಯ ಕೇಳಿದ್ದೇ ತಡ, ಕಾಫಿ ಲೋಟ ಪಕ್ಕಕ್ಕಿಟ್ಟಳು.

"ಅತ್ತಿಗೆ, ನನ್ನ ಕಥೆ ಮರೆತ್ರಾ? ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಒಂದು ಸಾಫ್ಟ್‌ವೇರ್ ಕಲ್ತೆ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸ್ದೆ. ಒಂದೂವರೆ ವರ್ಷಕ್ಕೆ ಕಂಪನಿಯೋರು ಆ ಸಾಫ್ಟ್‌ವೇರನ್ನೇ ತೆಗೆದು ಬಿಸಾಕಿದ್ರು."

"ಆ ಫ್ರೇಮು ಎಲ್ಲೇ ಈಗ?" ಎಂದ ನಕ್ಷೆಯಕ್ಕನ ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕೂತಲ್ಲೇ ಯಾರದೋ ಕನ್ನಡಕದ ಕಡ್ಡಿಯ ಸ್ಕ್ರೂ ಬಿಗಿಯುತ್ತಿದ್ದ.

"ಮಗಳ ಫೋಟೋ ಹಾಕಿದೀನಿ. ಫ್ರೇಮಿಗಾದ್ರೂ ಭವಿಷ್ಯ ಇತ್ತು."

ಮೂವರೂ ನಕ್ಕರು. ಆದರೆ ನಾದಿನಿ ನಗು ನಿಲ್ಲಿಸಿ ಅತ್ತಿಗೆಯ ಮುಖ ನೋಡಿದಳು. "ತಮಾಷೆ ಅಲ್ಲ ಅತ್ತಿಗೆ. ಈ ವಯಸ್ಸಲ್ಲಿ ದಿನಾ ಎರಡು ಗಂಟೆ, ಮೂರು ತಿಂಗಳು. ನಾಳೆ ಅವರು ಇನ್ನೊಂದು ತಂದ್ರೆ? ಆಮೇಲೆ ಫೇಲಾದ್ರೆ?"

ಕೊನೆಯ ಪ್ರಶ್ನೆ ಸರಿಯಾದ ಜಾಗಕ್ಕೇ ನಾಟಿತು. ಅವಳು ಕೊನೆಯ ಸಲ ಪರೀಕ್ಷೆ ಬರೆದು ಇಪ್ಪತ್ಮೂರು ವರ್ಷವಾಗಿತ್ತು. ಹತ್ತೊಂಬತ್ತು ವರ್ಷದಿಂದ ಅವಳ ಬಾಯಲ್ಲಿ "ಗೊತ್ತಿಲ್ಲ" ಎಂಬ ಮಾತು ಬಂದದ್ದಿಲ್ಲ. ಈಗ ಅದನ್ನು ದಿನಕ್ಕೆ ಹತ್ತು ಸಲ ಹೇಳಬೇಕು, ಅದೂ ತನಗಿಂತ ಚಿಕ್ಕವನಾದ ಮೇಷ್ಟ್ರ ಮುಂದೆ. ಹೇಳಿಯೂ ಫೇಲಾದರೆ ಇಡೀ ಅಂಗಳಕ್ಕೆ ಸುದ್ದಿ. ರವಾನೆ ವಿಭಾಗಕ್ಕೆ ಹೋಗುವುದು ಬೇರೆ. ಫೇಲಾಗಿ ರವಾನೆ ವಿಭಾಗಕ್ಕೆ ಹೋಗುವುದು ಬೇರೆ.

"ಮೊದಲು ಅದೇನು ಅಂತ ನೋಡ್ತೀನಿ," ಎಂದಳು. "ನೋಡದೆ ಹೂಂ ಅಂತಲೂ ಹೇಳಲ್ಲ, ಊಹೂಂ ಅಂತಲೂ ಹೇಳಲ್ಲ."

"ಅದು ಸರಿ," ಎಂದ ಗಂಡ. "ಪರೀಕ್ಷೆ ಮಾಡದೆ ನಂಬರ್ ಹೇಳೋಕಾಗಲ್ಲ."

ಬುಧವಾರ ಊಟದ ಬಿಡುವಿನಲ್ಲಿ ಅವಳು ಮೇಲಿನ ಮಹಡಿಯ ತರಬೇತಿ ಕೋಣೆಗೆ ಹೋದಳು. ಸಿಸ್ಟಮ್ ಮಾರಿದ ಕಂಪನಿ ಕಳಿಸಿದ್ದ ತರಬೇತುದಾರ ಅಲ್ಲಿದ್ದ. ಮೂವತ್ತರ ಆಸುಪಾಸು, ಮೃದು ಮಾತು. ಕಾರ್ಖಾನೆಯಲ್ಲಿ ಟೈ ಕಟ್ಟುವವನು ಅವನೊಬ್ಬನೇ ಆದ್ದರಿಂದ ಎರಡೇ ದಿನದಲ್ಲಿ ಅಂಗಳದವರು ಅವನಿಗೆ ಟೈ ಸಾಹೇಬ ಎಂದು ನಾಮಕರಣ ಮಾಡಿಬಿಟ್ಟಿದ್ದರು.

"ಯಾವುದಾದ್ರೂ ಒಂದು ಡ್ರಾಯಿಂಗ್ ಹೇಳಿ ಮೇಡಂ," ಎಂದು ಅವನು ಉತ್ಸಾಹದಿಂದ ಕುರ್ಚಿ ಎಳೆದುಕೊಂಡ.

"ನಲವತ್ತನೇ ನಂಬರ್ ಪಂಪು. ಮುಚ್ಚಳ."

ಅವಳು ಕೈಗಡಿಯಾರ ನೋಡಿದಳು. ನಾಲ್ಕು ಸೆಕೆಂಡು. ಅವಳಿಗೆ ಅಷ್ಟರಲ್ಲಿ ಬೀರುವಿನ ಹಿಡಿಯೂ ಸಿಗುತ್ತಿರಲಿಲ್ಲ. ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುವ ಸ್ವಭಾವ ಅವಳದು, ಮನಸ್ಸಿನಲ್ಲೇ ತಲೆದೂಗಿದಳು. ಪರದೆಯ ಮೇಲೆ ಮೂರು ನಕ್ಷೆಗಳು ಸಾಲಾಗಿ ಬಂದಿದ್ದವು. ಎಂಟು ಬೋಲ್ಟಿನ ಮುಚ್ಚಳ, ಹತ್ತು ಬೋಲ್ಟಿನದು, ಹನ್ನೆರಡು ಬೋಲ್ಟಿನದು. ಒತ್ತಡ ತಾಳದೆಂದು ಎರಡು ಸಲ ಬೋಲ್ಟು ಹೆಚ್ಚಿಸಿದ್ದರು. ಮೊದಲ ಎರಡರ ಮೂಲೆಗಳನ್ನು ಅವಳೇ ಕತ್ತರಿಸಿದ್ದಳು.

ಅವಳು ಪರದೆಗೆ ಇನ್ನಷ್ಟು ಬಗ್ಗಿದಳು.

ಮೂರಕ್ಕೂ ನಾಲ್ಕು ನಾಲ್ಕು ಮೂಲೆ.

"ಇದರಲ್ಲಿ ಸತ್ತಿರೋದು ಯಾವುದು?"

"ಏನು ಮೇಡಂ?"

"ಅಲ್ಲ... ಸ್ಕ್ಯಾನ್ ಮಾಡುವಾಗ ಹಾಳೆ ಅಂಚು ಹರಿದಿದ್ರೆ?"

"ಓ, ಅದಾ! ಅದಕ್ಕೇನೂ ಯೋಚನೆ ಬೇಡ," ಅವನು ಹಿಗ್ಗಿದ. "ಹರಿದದ್ದು, ಮಡಿಚಿದ್ದು, ಎಲ್ಲಾನೂ ಸ್ಕ್ಯಾನರೇ ಬಿಳಿ ತುಂಬಿ ಚೌಕ ಮಾಡುತ್ತೆ. ನೋಡಿ, ಎಷ್ಟು ಕ್ಲೀನಾಗಿದೆ."

ತುಂಬ ಕ್ಲೀನಾಗಿತ್ತು. ಸತ್ತವರೆಲ್ಲ ತಲೆ ಬಾಚಿಕೊಂಡು ಎದ್ದು ಕೂತಂತೆ ಇತ್ತು. ಅವಳು ಬರುತ್ತೇನೆಂದು ಹೇಳಿ ಕೆಳಗಿಳಿದಳು.

ಕೋಣೆಗೆ ಬಂದವಳೇ ಮಾಡಿದ ಮೊದಲ ಕೆಲಸ, ಜನವರಿಯ ಕಡತ ತೆಗೆದದ್ದು. ನಕ್ಷೆಗಳನ್ನು ಸ್ಕ್ಯಾನಿಗೆ ಕಳಿಸುವಾಗ ತುಂಬಿದ ನಮೂನೆಯ ಪ್ರತಿ ಅದರಲ್ಲಿತ್ತು. ಒಟ್ಟು ಹಾಳೆ 11,260. ಅದರ ಕೆಳಗೆ ಒಂದು ಚೌಕ: ವಿಶೇಷ ಸೂಚನೆಗಳು. ಚೌಕದೊಳಗೆ ಅವಳದೇ ದುಂಡಗಿನ ಅಕ್ಷರ: "ಏನೂ ಇಲ್ಲ." ಅದರ ಪಕ್ಕ ಅವಳದೇ ರುಜು.

ಅವಳು ಆ ಎರಡು ಪದಗಳನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಬರೆದಿರಲಿಲ್ಲ. ಅವಳಿಗೆ ಮೂಲೆ ಕತ್ತರಿಸುವುದು ವಿಶೇಷವಾಗಿ ಕಂಡೇ ಇರಲಿಲ್ಲ. ಕಾಗದಕ್ಕೆ ಎರಡು ಮಗ್ಗುಲಿದೆ ಎಂದು ಯಾರಾದರೂ ಸೂಚನೆ ಬರೆಯುತ್ತಾರೆಯೇ? ಗುಮಾಸ್ತರೂ ಅದನ್ನು ಎಲ್ಲೂ ಬರೆದಿರಲಿಲ್ಲ. ಕಾರ್ಖಾನೆಯ ನಿಯಮಾವಳಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ತಿರುವಿದಳು. ಮೂಲೆ ಎಂಬ ಪದವೇ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಬರೆದಿಟ್ಟಿರಲಿಲ್ಲ.

ತಪ್ಪಿನ ಗಾತ್ರ ತಿಳಿಯದೆ ಗಾಬರಿಯಾಗುವುದು ಅವಳಿಗೆ ಕಾಲೇಜಿನ ದಿನಗಳಿಂದಲೂ ಹಿಡಿಸದ ಸಂಗತಿ. ಒಂದರಿಂದ ಹನ್ನೆರಡರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿದಳು. ಪ್ರತಿ ಬೀರುವಿಗೂ ಒಂದು ಚೀಟಿ ಎತ್ತಿ, ಬಂದ ಸಂಖ್ಯೆಯ ಖಾನೆಯನ್ನು ಎಣಿಸಿದಳು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಖಾನೆ ಮುಗಿದವು. ಒಟ್ಟು ಹಾಳೆ 938, ಮೂಲೆ ಹೋದವು 389. ನೂರಕ್ಕೆ ನಲವತ್ತೊಂದು ಚಿಲ್ಲರೆ. ಇಡೀ ಕೋಣೆಗೆ ಅನ್ವಯಿಸಿದರೆ ಸುಮಾರು 4,670 ಸತ್ತ ನಕ್ಷೆಗಳು, ಏಪ್ರಿಲ್ ಒಂದರಿಂದ ಜೀವಂತವಾಗಿ ಅಂಗಳದಲ್ಲಿ ಓಡಾಡಲಿದ್ದವು.

ಎಣಿಕೆ ಮುಗಿಯುವ ಮೊದಲೇ, ಬುಧವಾರ ಸಂಜೆ, ಮೂಲೆಗಳ ವಿಷಯವನ್ನು ಗಂಡನಿಗೆ ಹೇಳಿದ್ದಳು.

"ತಪ್ಪು ನಿಂದೇನಾ?"

"ನಂದೇ. ರುಜು ಹಾಕಿದೀನಿ."

"ಯಾರ್‍ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

ಅವನು ಕೈಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟ. "ನಾನೊಂದ್ಸಲ ಬಲಗಣ್ಣಿನ ಗಾಜು ಎಡಕ್ಕೆ, ಎಡದ್ದು ಬಲಕ್ಕೆ ಹಾಕಿ ಕೊಟ್ಬಿಟ್ಟಿದ್ದೆ ಕಣೇ. ಗಿರಾಕಿ ಹಾಕ್ಕೊಂಡು, ಚೆನ್ನಾಗಿದೆ ಅಂದ. ನನಗೆ ಆಗ್ಲೇ ಗೊತ್ತಾಯ್ತು. ಸುಮ್ನಿದ್ದೆ. ಮೆಟ್ಟಿಲು ಇಳಿಯೋಕೆ ಕಾಲು ಎತ್ತಿದ ನೋಡು, ತಡ್ಕೊಳ್ಳೋಕಾಗ್ಲಿಲ್ಲ. ಓಡಿಹೋಗಿ ತೋಳು ಹಿಡ್ಕೊಂಡೆ."

"ಬೈದ್ನಾ?"

"ಬೈದ. ಬೈಸ್ಕೊಂಡೆ. ಇನ್ನೇನು ಮಾಡೋದು?"

ಗುರುವಾರ ಎಣಿಕೆ ಮುಗಿಯುವ ಹೊತ್ತಿಗೆ ಫೋರ್ಮನ್ ಬಂದ. ಖಾನೆಗಳೆಲ್ಲ ಬಾಯಿ ತೆರೆದಿದ್ದನ್ನು ನೋಡಿ, "ಏನಕ್ಕಾ, ಕಳ್ಳ ಬಂದಿದ್ನಾ?" ಎಂದ. ಅವಳು ಮುಚ್ಚಿಡದೆ ಹೇಳಿದಳು. ಅವನು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕುಸಿದು ಕೂತ. ಆಮೇಲೆ ತೊಡೆ ತಟ್ಟಿ ನಕ್ಕ.

"ಅಯ್ಯೋ ತಾಯಿ, ನೀನು ಅಳೋ ಮುಖ ಯಾಕೆ ಹಾಕಿದೀಯ? ಹಬ್ಬ ಮಾಡು! ಬಾಯಿಗೆ ಬೀಗ ಹಾಕ್ಕೊಂಡು ತಿಂಗಳು ಕೂತಿರು. ಏಪ್ರಿಲಲ್ಲಿ ಯಾವನಾದ್ರೂ ಹನ್ನೆರಡು ತೂತು ಕೊರೆಯೋ ಕಡೆ ಎಂಟು ಕೊರೀತಾನೆ. ಆವತ್ತೇ ಆ ಪೆಟ್ಟಿಗೆ ಮೂಟೆ ಕಟ್ತಾರೆ. ನಿನ್ನ ರೂಮು ನಿಂಗೆ, ನನ್ನ ಹಾಳೆ ನಂಗೆ."

"ಎಂಟು ತೂತಿನ ಮುಚ್ಚಳ ಒತ್ತಡ ಪರೀಕ್ಷೆಗೆ ಹೋಗುತ್ತಲ್ಲ, ಅದರ ಪಕ್ಕ ಯಾರು ನಿಂತಿರ್ತಾರೆ?"

ಒತ್ತಡ ಪರೀಕ್ಷೆಗೆ ನಿಲ್ಲುವವನು ಫೋರ್ಮನ್ನೇ.

"ನಾನು ನೋಡ್ಕೋತೀನಿ," ಎಂದು ಗೊಣಗಿದ. "ತೂತು ಎಣಿಸೋಕೆ ಬರಲ್ವಾ ನಂಗೆ?"

"ಮುಚ್ಚಳದ್ದು ಎಣಿಸ್ತೀರಿ. ನಾಲ್ಕು ಸಾವಿರ ಚಿಲ್ಲರೆ ಇದೆ ಫೋರ್ಮನ್ರೇ. ಎಲ್ಲಾದ್ರಲ್ಲೂ ತೂತೇ ಬದಲಾಗಿರಲ್ಲ. ಎಲ್ಲೋ ಅರ್ಧ ಮಿಲಿಮೀಟರು, ಎಲ್ಲೋ ಲೋಹಾನೇ ಬೇರೆ."

ಅವನು ಎದ್ದು, "ನಿನ್ನಿಷ್ಟ. ಹೇಳಿದ್ಮೇಲೆ ತಪ್ಪನ್ನೆಲ್ಲಾ ನಿನ್ನ ತಲೆ ಮೇಲೇ ಹೊರಿಸ್ತಾರೆ ನೋಡು," ಎಂದು ಮುಖ ಸಿಂಡರಿಸಿಕೊಂಡು ಹೋದ. ಅವನು ಕೇಡು ಬಯಸುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಮಾತು ಒಂದು ಕ್ಷಣ ರುಚಿಸಿತ್ತು ಎಂಬುದೂ ಗೊತ್ತಿತ್ತು. ಸುಮ್ಮನಿದ್ದರೆ ಸಾಕು, ಕೋಣೆ ಉಳಿಯುತ್ತದೆ, ಏನೂ ಮಾಡಬೇಕಾಗಿಲ್ಲ. ಅದೇ ಅವಳಿಗೆ ಅಸಹ್ಯವೆನಿಸಿದ್ದು. ತನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ ಎಂಬುದರ ಮೇಲೆ ನಿಂತ ಕೋಣೆ ಅದು. ಕಳೆದ ಮಳೆಗಾಲದಲ್ಲಿ ಅವಳು ಜ್ವರದಿಂದ ಮಲಗಿದ್ದ ನಾಲ್ಕು ದಿನ ಎರಡು ಯಂತ್ರಗಳು ನಕ್ಷೆಯಿಲ್ಲದೆ ಸುಮ್ಮನೆ ನಿಂತಿದ್ದವು. ಆಗ ಅದನ್ನು ಕೇಳಿ ಹೆಮ್ಮೆಪಟ್ಟಿದ್ದಳು. ಈಗ ಅದೇ ಸಂಗತಿ ನೆನೆದು ನಾಚಿಕೆಯಾಯಿತು.

ಮತ್ತೆ ಮಹಡಿ ಹತ್ತಿದಳು. ಈ ಸಲ ಕೈಯಲ್ಲಿ ಮುಚ್ಚಳದ ಮೂರೂ ಹಾಳೆಗಳಿದ್ದವು. ತರಬೇತುದಾರನ ಮೇಜಿನ ಮೇಲೆ ಹರಡಿ, ಅವನ ಹೆಬ್ಬೆರಳನ್ನೇ ಹಿಡಿದು ಮೂಲೆಗಳ ಮೇಲೆ ಸವರಿಸಿದಳು. ಅವನು ಒಮ್ಮೆ ಹಾಳೆ ನೋಡಿದ, ಒಮ್ಮೆ ಪರದೆ ನೋಡಿದ. ಟೈ ಸಡಿಲ ಮಾಡಿಕೊಂಡ.

"ಇದನ್ನ ಯಾರೂ ನಮಗೆ ಹೇಳಲೇ ಇಲ್ವಲ್ಲ ಮೇಡಂ."

"ಹೇಳಬೇಕಾದವಳು ನಾನು. ಹೇಳಿಲ್ಲ. ಈಗ ನಿಮ್ಮ ಸಿಸ್ಟಮಿಗೆ ಇದನ್ನ ಹೇಳೋದು ಹೇಗೆ?"

ಅವನು ಹೇಳಿದ. ಪ್ರತಿ ದಾಖಲೆಗೂ ಸ್ಥಿತಿ ಎಂಬ ಒಂದು ಅಂಕಣ ಸೇರಿಸಬಹುದು: ಚಾಲ್ತಿ, ರದ್ದು, ಪರಿಶೀಲನೆಯಲ್ಲಿ. ರದ್ದಾದದ್ದು ಅಂಗಳದವರಿಗೆ ಕಾಣಿಸದಂತೆ, ಬಿಡಿಭಾಗದವರಿಗೆ ಮಾತ್ರ ಕಾಣಿಸುವಂತೆ ಮಾಡಬಹುದು. ಹೊಸ ತಿದ್ದುಪಡಿ ಬಂದ ಕ್ಷಣವೇ ಹಳೆಯದು ತಾನಾಗಿ ರದ್ದಾಗುವಂತೆಯೂ ಮಾಡಬಹುದು.

"ಕತ್ತರಿ ಇಲ್ಲದೇನೇ?"

"ಕತ್ತರಿ ಇಲ್ಲದೇನೇ. ಆದರೆ ಯಾವುದು ರದ್ದು ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತು, ಆದರೆ ಮಾಡೋದು ಗೊತ್ತಿಲ್ಲ. ನಾನು ಜೂನಲ್ಲಿ ಹೊರಟುಹೋಗ್ತೀನಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಒಂದು ಮಾತು ಕೇಳ್ತೀನಿ, ಮಾರಾಟದ ಉತ್ತರ ಬೇಡ. ಐದು ವರ್ಷ ಆದ್ಮೇಲೆ ಕಂಪನಿ ಇದನ್ನ ಬಿಟ್ಟು ಬೇರೆ ತಂದ್ರೆ, ನಾನು ಕಲಿತದ್ದರಲ್ಲಿ ಎಷ್ಟು ಉಳಿಯುತ್ತೆ?"

ಅವನು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟ. "ಎಲ್ಲಿ ಒತ್ತಬೇಕು, ಯಾವ ಪರದೆ ಎಲ್ಲಿದೆ, ಅದೆಲ್ಲಾ ಹೋಗುತ್ತೆ. ಅರ್ಧ ಅಂತ ಇಟ್ಕೊಳ್ಳಿ. ಇನ್ನರ್ಧ, ಅಂದ್ರೆ ದಾಖಲೆಗೆ ಯಾವ ಯಾವ ಗುರುತು ಬೇಕು, ಯಾರು ನೋಡಬಹುದು, ಯಾರು ತಿದ್ದಬಹುದು, ಯಾವಾಗ ಸಾಯುತ್ತೆ, ಸತ್ತ ಮೇಲೆ ಎಷ್ಟು ವರ್ಷ ಇಟ್ಕೋಬೇಕು, ಇದು ಯಾವ ಸಿಸ್ಟಮ್ ಬಂದ್ರೂ ಇದೇ. ನಿಜ ಹೇಳ್ಬೇಕು ಅಂದ್ರೆ, ಆ ಅರ್ಧ ಕಲಿಸೋದೇ ಕಷ್ಟ. ಹೆಚ್ಚಿನವರು ಮೊದಲರ್ಧ ಕಲ್ತು ಪಾಸಾಗಿ ಹೋಗ್ತಾರೆ."

ಅವಳಿಗೆ ನಾದಿನಿಯ ಕಥೆ ಈಗ ಸರಿಯಾಗಿ ಅರ್ಥವಾಯಿತು. ಕೆಳಗೆ ಬಂದು ಒಂದು ಬಿಳಿ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ತನಗೆ ಈಗಾಗಲೇ ಗೊತ್ತಿರುವುದನ್ನು, ಬಲಕ್ಕೆ ಗೊತ್ತಿಲ್ಲದ್ದನ್ನು ಬರೆಯುತ್ತ ಹೋದಳು. ನಕ್ಷೆ ಕೊಂಡೊಯ್ದವರ ರುಜು ಪುಸ್ತಕ ಎಡಕ್ಕೆ ಬಂತು. ಬಿಡಿಭಾಗದವರಿಗೆ ಮಾತ್ರ ಹಳೆಯ ಹಾಳೆ ಕೊಡುವ ಕಟ್ಟುನಿಟ್ಟು ಎಡಕ್ಕೆ ಬಂತು. ಬಲಗಡೆ ಉದ್ದವಾಗಿತ್ತು, ನಿಜ. ಅದರಲ್ಲಿ ಅರ್ಧದಷ್ಟು ಪದಗಳ ಅರ್ಥವೇ ತಿಳಿಯದು. ಆದರೆ ಎಡಗಡೆ ಖಾಲಿಯಿರಲಿಲ್ಲ. ಸೊನ್ನೆಯಿಂದ ಶುರುಮಾಡುವುದಕ್ಕೂ ಎಡಗಡೆ ಹನ್ನೊಂದು ಸಾಲು ಇಟ್ಟುಕೊಂಡು ಶುರುಮಾಡುವುದಕ್ಕೂ ವ್ಯತ್ಯಾಸವಿದೆ. ಫೇಲಾಗುವ ಭಯ ಹಾಗೆಯೇ ಇತ್ತು. ಅದನ್ನೂ ಬಲಗಡೆಯ ಕೊನೆಯಲ್ಲಿ ಬರೆದು, ಹಾಳೆ ಮಡಿಚಿ ಚೀಲಕ್ಕೆ ಹಾಕಿದಳು.

ಶುಕ್ರವಾರ ಮೂರು ಗಂಟೆ ನಲವತ್ತು ನಿಮಿಷಕ್ಕೆ ಮ್ಯಾನೇಜರ ಬಾಗಿಲು ತಟ್ಟಿದಳು.

"ಬನ್ನಿ ಮೇಡಂ. ಹೂಂ ತಾನೇ?"

"ಅದಕ್ಕೆ ಮೊದಲು ಒಂದು ತಪ್ಪು ಒಪ್ಕೋಬೇಕು ಸಾರ್."

ಅವಳು ಮೂರು ಹಾಳೆ, ಪರದೆಯಿಂದ ಮುದ್ರಿಸಿಕೊಂಡ ಮೂರು ಚಿತ್ರ, ತನ್ನ ರುಜುವಿದ್ದ ನಮೂನೆ, ಎಣಿಕೆಯ ಪಟ್ಟಿ, ಇಷ್ಟನ್ನೂ ಕ್ರಮವಾಗಿ ಮೇಜಿನ ಮೇಲಿಟ್ಟು ಹೇಳಿದಳು. ಮ್ಯಾನೇಜರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಹತ್ತೊಂಬತ್ತು ವರ್ಷ ಇದ್ದೀರಿ. ಒಂದು ಸಾಲು ಬರೆಯೋಕೆ ಆಗ್ಲಿಲ್ವಾ ನಿಮಗೆ?"

"ಆಗ್ಲಿಲ್ಲ ಸಾರ್. ತಪ್ಪು ನಂದೇ."

"ಮೇಲಿನವರಿಗೆ ನಾನು ಏನಂತ ಹೇಳ್ಲಿ? ಒಂದು ಮೂಲೆಗೋಸ್ಕರ ಎಲ್ಲಾ ನಿಲ್ಸಿ ಅಂತಲಾ?"

"ನಾಲ್ಕು ಸಾವಿರದ ಆರುನೂರ ಎಪ್ಪತ್ತು ಮೂಲೆ ಸಾರ್. ಅಂದಾಜು. ನಿಲ್ಸೋದು ಬೇಡ, ಮುಂದಕ್ಕೆ ಹಾಕಿ. ಒಂದು ಹಾಳೆ ನೋಡಿ ಅದರ ಸ್ಥಿತಿ ತುಂಬೋಕೆ ನನಗೆ ನಲವತ್ತು ಸೆಕೆಂಡು ಬೇಕು, ನಿನ್ನೆ ಇಪ್ಪತ್ತು ಹಾಳೆಯಲ್ಲಿ ಅಳೆದು ನೋಡಿದೀನಿ. ಒಟ್ಟು ನೂರ ಇಪ್ಪತ್ತೈದು ಗಂಟೆ. ದಿನಕ್ಕೆ ಮೂರು ಗಂಟೆ ಕೊಟ್ರೆ ಏಳು ವಾರ. ಮೇ ಮೊದಲ ವಾರ ಚಾಲನೆ ಮಾಡಬಹುದು."

ಮ್ಯಾನೇಜರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಂಕಿಗಳ ಮುಂದೆ ಅವರ ಸಿಟ್ಟಿಗೆ ಕಾಲೂರಲು ಜಾಗ ಸಿಗಲಿಲ್ಲ. ಎಣಿಕೆಯ ಪಟ್ಟಿಯನ್ನು ಎರಡನೆಯ ಸಲ ಓದಿದರು.

"ಸರಿ. ಕೋರ್ಸಿಗೆ?"

"ಸೇರ್ತೀನಿ. ಎರಡು ಷರತ್ತಿದೆ."

"ತಪ್ಪು ಒಪ್ಕೊಂಡು ಷರತ್ತು ಬೇರೆ ಹಾಕ್ತೀರಲ್ಲ ಮೇಡಂ, ಧೈರ್ಯ ಮೆಚ್ಬೇಕು!"

"ತಪ್ಪಿಗೆ ಏನು ಶಿಕ್ಷೆ ಕೊಡ್ತೀರೋ ಕೊಡಿ, ಅದು ಬೇರೆ. ಇದು ಬೇರೆ. ಪಾಠದ ಎರಡು ಗಂಟೆ ಡ್ಯೂಟಿಯೊಳಗೇ ಆಗ್ಬೇಕು. ಇದು ಕಂಪನಿ ಕೆಲಸ, ನನ್ನ ಹವ್ಯಾಸ ಅಲ್ಲ. ಇನ್ನೊಂದು, ಫೇಲಾದ್ರೆ ಎರಡನೇ ಸಲ ಬರೆಯೋಕೆ ಬಿಡಬೇಕು."

"ಫೇಲಾಗೋ ಯೋಚನೆ ಈಗ್ಲೇ ಯಾಕೆ?"

"ಆಗಬಹುದು ಅಂತ ಗೊತ್ತು ಸಾರ್. ಅದಕ್ಕೆ."

ನಕ್ಷೆಯಕ್ಕನ ಬಾಯಲ್ಲಿ ಅಂಥ ಮಾತನ್ನು ಮ್ಯಾನೇಜರು ನಿರೀಕ್ಷಿಸಿರಲಿಲ್ಲ. "ಒಂದು ಗಂಟೆ ಡ್ಯೂಟಿಯೊಳಗೆ, ಒಂದು ಗಂಟೆ ಆಮೇಲೆ. ಎರಡನೇ ಸಲ ಬರೀಬಹುದು. ತಪ್ಪಿನ ಬಗ್ಗೆ ಒಂದು ಪತ್ರ ನಿಮ್ಮ ಫೈಲಿಗೆ ಹೋಗುತ್ತೆ, ಅದನ್ನ ತಪ್ಪಿಸೋಕೆ ನನ್ನಿಂದ ಆಗಲ್ಲ."

"ಆಗ್ಲಿ."

ಅವಳು ಫಾರಂ ತುಂಬಿದಳು. ಕೊನೆಯಲ್ಲಿ ಷರಾ ಎಂಬ ಚೌಕವಿತ್ತು. ಪೆನ್ನು ಅದರ ಮೇಲೆ ನಿಂತಿತು. ಎರಡೂ ಷರತ್ತುಗಳನ್ನು ಅದರೊಳಗೆ ಸ್ಪಷ್ಟವಾಗಿ ಬರೆದು ರುಜು ಹಾಕಿದಳು.

ಸುದ್ದಿ ಅಂಗಳಕ್ಕೆ ಮುಟ್ಟಿತು. ಫೋರ್ಮನ್ ಎರಡು ದಿನ ಮಾತು ಬಿಟ್ಟ. ನಕ್ಷೆಗೆ ಬೇರೆಯವರನ್ನು ಕಳಿಸಿದ. ಮೂರನೆಯ ದಿನ ತಾನೇ ಬಂದು, ಅವಳು ಕಂಪ್ಯೂಟರಿನ ಮುಂದೆ ಹಾಳೆಯೊಂದನ್ನು ಹಿಡಿದು ಸ್ಥಿತಿ ತುಂಬುತ್ತಿದ್ದುದನ್ನು ಬೆನ್ನ ಹಿಂದೆ ನಿಂತು ನೋಡಿದ.

"ಎಷ್ಟಾಯ್ತು ಹೆಣ ಎಣಿಸಿದ್ದು?"

"ಐದನೇ ಖಾನೆ."

"ಪತ್ರ ಹಾಕಿದ್ರಂತೆ ಫೈಲಿಗೆ. ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ."

"ಮತ್ತೆ?"

"ಮತ್ತೆ ಏನಿಲ್ಲ. ಸ್ವಲ್ಪ ಆ ಕಡೆ ನಿಲ್ಲಿ, ಬೆಳಕಿಗೆ ಅಡ್ಡ ಬರ್ತಿದೀರಿ."

ಅವನು ಆ ಕಡೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಖಾನೆಯ ಹಾಳೆಗಳನ್ನು ತೆಗೆದು ಅವಳ ಬಲಗೈಗೆ ಸಿಗುವಂತೆ ಒಂದೊಂದಾಗಿ ಇಡತೊಡಗಿದ. ಇಡುವ ಮೊದಲು ಹೆಬ್ಬೆರಳಿನಿಂದ ಮೂಲೆ ಸವರಿ, "ರದ್ದು", "ಚಾಲ್ತಿ", "ರದ್ದು" ಎಂದು ಕೂಗಿ ಹೇಳಿದ. ಒಬ್ಬಳೇ ಇದ್ದಾಗ ನಲವತ್ತು ಸೆಕೆಂಡು ಹಿಡಿಯುತ್ತಿದ್ದ ಹಾಳೆ ಆ ಅರ್ಧ ಗಂಟೆ ಇಪ್ಪತ್ತೆರಡಕ್ಕೆ ಮುಗಿಯಿತು.

ಮೊದಲ ಅಭ್ಯಾಸ ಪರೀಕ್ಷೆ ಮಾರ್ಚ್ 18ರ ಸೋಮವಾರ ಸಂಜೆ ಐದು ಗಂಟೆಗೆ ತರಬೇತಿ ಕೋಣೆಯಲ್ಲಿ ನಡೆಯಿತು. ಬರೆಯುವವಳು ಅವಳೊಬ್ಬಳೇ. ತರಬೇತುದಾರ ಗಡಿಯಾರ ಇಟ್ಟು ಹೊರಗೆ ಹೋದ. ಒಂದು ಗಂಟೆ ಅವಳು ತಲೆಯೆತ್ತಲಿಲ್ಲ. ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಬರೆಯದೆ, ಪಕ್ಕದಲ್ಲಿ "ಗೊತ್ತಿಲ್ಲ" ಎಂದು ಸ್ಪಷ್ಟವಾಗಿ ಬರೆಯುತ್ತ ಹೋದಳು. ಊಹೆ ಸರಿಯಾಗಿಬಿಟ್ಟರೆ ಎಷ್ಟು ಕಲಿಯಬೇಕೆಂಬ ಅಳತೆ ಕೆಡುತ್ತದೆ ಎಂಬುದು ಅವಳ ಲೆಕ್ಕ. ಅವನು ಬಂದು ತಿದ್ದಿ, ಅಂಕವನ್ನು ಹೇಳಲು ಸಂಕೋಚಪಟ್ಟು ಹಾಳೆಯನ್ನೇ ಅವಳ ಕಡೆಗೆ ತಿರುಗಿಸಿದ. ಅವಳು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ದಿನಾಂಕದ ಪಕ್ಕ ಬರೆದುಕೊಂಡು, ತಪ್ಪಾದ ಮೊದಲ ಪ್ರಶ್ನೆಯಿಂದ ಪಾಠ ಶುರುಮಾಡುವಂತೆ ಹೇಳಿದಳು.

ಪಾಸಾಗಲು ಅರವತ್ತರಲ್ಲಿ ನಲವತ್ತೆರಡು ಬೇಕಿತ್ತು. ಅವಳಿಗೆ ಬಂದದ್ದು ಇಪ್ಪತ್ತಾರು.